ಪ್ರಶಸ್ತಿಗೆ ಅಂಕ ಹಾಕುವವರು ಯಾರು?

ಬೇಸಿಗೆ ರಜೆ ಮುಗಿಯುತ್ತಾ ಬಂತೆಂದರೆ ಬನಶಂಕರಿ ಬಸ್ ನಿಲ್ದಾಣದಿಂದ ಜಯನಗರ ನಾಲ್ಕನೇ ಬ್ಲಾಕ್‌ವರೆಗೆ ಯಾವ ಗೋಡೆ ನೋಡಿದರೂ, ಯಾವ ಆಟೊದ ಬೆನ್ನು ನೋಡಿದರೂ ಶಾಲೆ, ಕಾಲೇಜು, ಕೋಚಿಂಗ್ ಕ್ಲಾಸುಗಳದ್ದೇ ಜಾಹೀರಾತು. ಹೆಚ್ಚು ಅಂಕ ಪಡೆದ ಮಕ್ಕಳ ಫೋಟೊಗಳ ಪಕ್ಕದಲ್ಲಿ ಈಚಿನ ವರ್ಷಗಳಲ್ಲಿ ಹೊಸ ಸಾಲೊಂದು ಸೇರಿಕೊಂಡಿದೆ: ‘ಅಂತರರಾಷ್ಟ್ರೀಯ ಪ್ರಶಸ್ತಿ ಪುರಸ್ಕೃತ ಸಂಸ್ಥೆ’. ಎಡಕ್ಕೊಂದು ಬಲಕ್ಕೊಂದು ಚಿನ್ನದ ಬಣ್ಣದ ಎಲೆಗೊಂಚಲು, ನಡುವೆ ಇಂಗ್ಲಿಷಿನಲ್ಲಿ ಒಂದು ಹೆಸರು. ಕೊಟ್ಟವರು ಯಾರು, ತೀರ್ಪುಗಾರರು ಯಾರು, ಎಷ್ಟು ಜನರ ನಡುವೆ ಇವರು ಗೆದ್ದರು ಎಂಬುದು ಮಾತ್ರ ಫಲಕದ ಯಾವ ಮೂಲೆಯಲ್ಲೂ ಇರುವುದಿಲ್ಲ. ಲಕ್ಷಗಟ್ಟಲೆ ಶುಲ್ಕ ಕಟ್ಟಲು ಸಾಲಿನಲ್ಲಿ ನಿಂತ ತಂದೆ ತಾಯಿಯರು ಅದನ್ನು ಕೇಳುವುದೂ ಇಲ್ಲ.

ಓದು ಮುಗಿಸಿ ಮೊದಲ ಕೆಲಸ ಹುಡುಕುವ ಹುಡುಗ ಹುಡುಗಿಯರ ಪಾಡೂ ಇದೇ. ಎರಡು ಕಂಪನಿಗಳಿಂದ ಆಫರ್ ಬಂದಿರುತ್ತದೆ. ಒಂದರ ಹೆಸರಿನ ಕೆಳಗೆ ‘ಜಾಗತಿಕ ಪ್ರಶಸ್ತಿ’ ಎಂದಿರುತ್ತದೆ. ಮನೆಯವರು ಅದರ ಕಡೆಗೇ ವಾಲುತ್ತಾರೆ.

ಎಂಟನೇ ತರಗತಿಯ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ‘ಉದ್ದ 5’ ಎಂದಷ್ಟೇ ಬರೆದರೆ ನಾವು ಮೇಷ್ಟ್ರುಗಳು ಪೂರ್ತಿ ಅಂಕ ಕೊಡುವುದಿಲ್ಲ. ಐದು ಏನು? ಸೆಂಟಿಮೀಟರೋ, ಅಡಿಯೋ, ಮಾರೋ? ಏಕಮಾನ ಇಲ್ಲದ ಅಳತೆ ಅಳತೆಯೇ ಅಲ್ಲ. ಪ್ರಶಸ್ತಿಯೂ ಒಂದು ಬಗೆಯ ಅಳತೆಯೇ. ಅದನ್ನು ಯಾವ ಕೋಲಿನಿಂದ ಅಳೆದರು, ಕೋಲು ಯಾರ ಕೈಯಲ್ಲಿತ್ತು ಎಂದು ತಿಳಿಯದೆ ಅದರ ಬೆಲೆ ಕಟ್ಟುವುದು ಹೇಗೆ? ಅದೃಷ್ಟಕ್ಕೆ, ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ದಕ್ಷಿಣ ಬೆಂಗಳೂರಿನ ಆಸುಪಾಸಿನಲ್ಲೇ ಒಳ್ಳೆಯ ಉದಾಹರಣೆಗಳಿವೆ.

ಹತ್ತು ಸಾವಿರದ ಇಬ್ಬರು

1978ರಲ್ಲಿ ಕೋರಮಂಗಲದ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಕಿರಣ್ ಮಜುಂದಾರ್ ಎಂಬ ಯುವತಿ ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಬಯೋಕಾನ್ ಆರಂಭಿಸಿದರು. ಓದಿದ್ದು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. (ಬರೀ ಬಿ.ಎಸ್ಸಿ. ಎಂದು ಮೂಗು ಮುರಿಯುವ ಪೋಷಕರು ಗಮನಿಸಬೇಕು), ಆಮೇಲೆ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ವಿಜ್ಞಾನ. ಮೊದಲ ಉತ್ಪನ್ನಗಳು ಪರಂಗಿ ಕಾಯಿಯ ಹಾಲಿನಿಂದ ತೆಗೆಯುವ ಪಪೈನ್ ಎಂಬ ಕಿಣ್ವ ಮತ್ತು ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್. ಮೂರು ವರ್ಷಗಳ ನಂತರ, 1981ರಲ್ಲಿ, ಶಿಡ್ಲಘಟ್ಟದಲ್ಲಿ ಹುಟ್ಟಿ ಮೈಸೂರಿನಲ್ಲಿ ಓದಿದ ಎನ್.ಆರ್. ನಾರಾಯಣಮೂರ್ತಿ ಗೆಳೆಯರ ಜೊತೆ ಪುಣೆಯಲ್ಲಿ ಇನ್ಫೋಸಿಸ್ ಆರಂಭಿಸಿದರು. ಅಲ್ಲಿಯೂ ಹತ್ತು ಸಾವಿರ ರೂಪಾಯಿಯೇ. ಪತ್ನಿ ಸುಧಾ ಮೂರ್ತಿಯವರ ಉಳಿತಾಯದ ಹಣ. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು.

ಈ ಇಬ್ಬರಿಗೂ ಸಂದ ಪ್ರಶಸ್ತಿ ಒಂದೇ. ಅರ್ನ್ಸ್ಟ್ ಅಂಡ್ ಯಂಗ್, ಈಗ ಇ.ವೈ. ಎಂದು ಕರೆಸಿಕೊಳ್ಳುವ ಲೆಕ್ಕಪರಿಶೋಧನಾ ಸಂಸ್ಥೆ ಕೊಡುವ ‘ವಿಶ್ವದ ವರ್ಷದ ಉದ್ಯಮಿ’. ನಾರಾಯಣಮೂರ್ತಿಯವರಿಗೆ 2003ರಲ್ಲಿ, ಕಿರಣ್ ಅವರಿಗೆ 2020ರಲ್ಲಿ. ನಡುವೆ 2014ರಲ್ಲಿ ಮುಂಬಯಿಯ ಬ್ಯಾಂಕರ್ ಉದಯ್ ಕೋಟಕ್ ಅವರಿಗೂ ಬಂತು.

ಇದರ ತೀರ್ಪು ನಡೆಯುವ ಕ್ರಮ ನಮ್ಮ ಕ್ರೀಡಾಕೂಟಗಳ ಹಾಗೆ. ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿ ಗೆದ್ದವರು ರಾಜ್ಯಕ್ಕೆ. 1986ರಲ್ಲಿ ಅಮೆರಿಕದ ಮಿಲ್‌ವಾಕಿ ಎಂಬ ಒಂದು ಊರಿನಲ್ಲಿ ಆರಂಭವಾದ ಈ ಪ್ರಶಸ್ತಿ ದೇಶ ದೇಶಕ್ಕೆ ಹಬ್ಬಿ, 2001ರಿಂದ ಜಾಗತಿಕ ಸುತ್ತನ್ನು ಸೇರಿಸಿಕೊಂಡಿತು. ಪ್ರತಿ ದೇಶದಲ್ಲೂ ಅಲ್ಲಿನ ತೀರ್ಪುಗಾರರು ಆರಿಸಿದವರು ಮಾತ್ರ ಅಂತಿಮ ಸುತ್ತಿಗೆ ಹೋಗುತ್ತಾರೆ. 2020ರಲ್ಲಿ ಹಾಗೆ ಕಣಕ್ಕೆ ಬಂದವರು 41 ದೇಶ ಮತ್ತು ಪ್ರಾಂತ್ಯಗಳ 46 ಮಂದಿ. ಎಂದಿನಂತೆ ಮಾಂಟೆ ಕಾರ್ಲೋದಲ್ಲಿ ನಡೆಯಬೇಕಿದ್ದ ಸಮಾರಂಭ ಆ ವರ್ಷ ಕೊರೊನಾ ಕಾರಣಕ್ಕೆ ಪರದೆಯ ಮೇಲೇ ನಡೆಯಿತು. ತೀರ್ಪುಗಾರರ ಮಂಡಲಿಯ ಅಧ್ಯಕ್ಷರಾಗಿದ್ದವರು 2016ರಲ್ಲಿ ಇದೇ ಪ್ರಶಸ್ತಿ ಪಡೆದಿದ್ದ ಆಸ್ಟ್ರೇಲಿಯಾದ ಆಟಿಕೆ ತಯಾರಕ ಮ್ಯಾನಿ ಸ್ಟಲ್. ಪ್ರಶಸ್ತಿ ಕೊಡುವ ಸಂಸ್ಥೆ ಬೇರೆ, ಅಂಕ ಹಾಕುವವರು ಬೇರೆ. ಈ ಏರ್ಪಾಡನ್ನು ನೆನಪಿಟ್ಟುಕೊಳ್ಳಿ.

ಅಂಕ ಯಾವುದಕ್ಕೆ? ಬಹುಕಾಲ ಈ ಪ್ರಶಸ್ತಿಗೆ ಆರು ಮಾನದಂಡಗಳಿದ್ದವು: ಉದ್ಯಮಶೀಲ ಮನೋಭಾವ, ಹಣಕಾಸಿನ ಸಾಧನೆ, ಕಂಪನಿಗೆ ಕೊಟ್ಟ ದಿಕ್ಕು, ನಾಡಿನ ಮತ್ತು ಜಗತ್ತಿನ ಮೇಲಾದ ಪರಿಣಾಮ, ಹೊಸತನ, ವೈಯಕ್ತಿಕ ಪ್ರಾಮಾಣಿಕತೆ. ಓದಲು ಚೆನ್ನಾಗಿದೆ. ಆದರೆ ಸ್ವಲ್ಪ ಯೋಚಿಸಿ. ಹಣಕಾಸಿನ ಸಾಧನೆಗೆ ಅಂಕಿಅಂಶ ಇದೆ; ಪ್ರಾಮಾಣಿಕತೆಗೆ ಯಾವ ತಕ್ಕಡಿ? ಅಂಕಿಅಂಶ ಇದ್ದಲ್ಲೂ ತೊಡಕು ತಪ್ಪದು. ಒಂದು ಕಂಪನಿಯ ವಹಿವಾಟು ಹತ್ತು ಲಕ್ಷದಿಂದ ಒಂದು ಕೋಟಿಗೆ ಏರಿತು, ಹತ್ತು ಪಟ್ಟು. ಇನ್ನೊಂದರದು ನೂರು ಕೋಟಿಯಿಂದ ಇನ್ನೂರು ಕೋಟಿಗೆ, ಎರಡೇ ಪಟ್ಟು. ಯಾರದ್ದು ಹೆಚ್ಚಿನ ಬೆಳವಣಿಗೆ? ಪಟ್ಟು ನೋಡಿದರೆ ಮೊದಲನೆಯದು, ಮೊತ್ತ ನೋಡಿದರೆ ಎರಡನೆಯದು. ಪರಂಗಿ ಹಾಲಿನಿಂದ ಹೊರಟು ಇನ್ಸುಲಿನ್ ತಯಾರಿಸುವ ಮಟ್ಟಕ್ಕೆ ಬಂದ ಕಂಪನಿಯನ್ನೂ ಸ್ವೀಡನ್ನಿನದೋ ಬ್ರೆಜಿಲ್ಲಿನದೋ ಕಟ್ಟಡ ಕಂಪನಿಯನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುವಾಗ ಕೊನೆಗೆ ಉಳಿಯುವುದು ಮನುಷ್ಯರ ವಿವೇಚನೆಯೇ. ಅದಕ್ಕಾಗಿಯೇ ಇಂಥ ಕಡೆ ಅರ್ಜಿಯ ಜೊತೆಗೆ ಮುಖಾಮುಖಿ ಸಂದರ್ಶನವೂ ಇರುತ್ತದೆ.

ಸರಾಸರಿಯ ಆಟ

ಮೂವರು ತೀರ್ಪುಗಾರರು, ಇಬ್ಬರು ಸ್ಪರ್ಧಿಗಳು ಎಂದಿಟ್ಟುಕೊಳ್ಳಿ. ಅಂಕ ಹತ್ತಕ್ಕೆ. ಮೊದಲ ತೀರ್ಪುಗಾರರು ರಾಮುವಿಗೆ 8, ಶ್ಯಾಮುವಿಗೆ 7 ಕೊಟ್ಟರು. ಎರಡನೆಯವರೂ ಹಾಗೆಯೇ, 8 ಮತ್ತು 7. ಮೂರನೆಯವರಿಗೆ ರಾಮು ಯಾಕೋ ಹಿಡಿಸಲಿಲ್ಲ. ಅವನಿಗೆ 4, ಶ್ಯಾಮುವಿಗೆ 9. ಈಗ ಕೂಡಿಸಿ. ರಾಮುವಿಗೆ 20, ಶ್ಯಾಮುವಿಗೆ 23. ಸರಾಸರಿ 6.67 ಮತ್ತು 7.67. ಶ್ಯಾಮು ಗೆದ್ದ. ಆದರೆ ಮೂವರಲ್ಲಿ ಇಬ್ಬರ ಅಭಿಪ್ರಾಯದಲ್ಲಿ ರಾಮುವೇ ಮೇಲು! ಹತ್ತನೇ ತರಗತಿಯಲ್ಲಿ ಕಲಿಸುವ ಮಧ್ಯಾಂಕವನ್ನು ತೆಗೆದುಕೊಂಡರೆ ರಾಮುವಿಗೆ 8, ಶ್ಯಾಮುವಿಗೆ 7; ಫಲಿತಾಂಶ ತಿರುವುಮುರುವು. ‘ಸರಾಸರಿ, ಮಧ್ಯಾಂಕ ಕಲಿತು ಏನು ಪ್ರಯೋಜನ ಸಾರ್’ ಎಂದು ಕೇಳುವ ಮಕ್ಕಳಿಗೆ ನಾನು ಕೊಡುವ ಲೆಕ್ಕ ಇದು.

ತನ್ನ ಅಂಕಗಳನ್ನು ಮೇಲೆ ಕೆಳಗೆ ವಿಪರೀತ ಎಳೆದಾಡುವ ಒಬ್ಬನೇ ತೀರ್ಪುಗಾರ ಇಡೀ ಮಂಡಲಿಯನ್ನು ಹೊತ್ತೊಯ್ಯಬಲ್ಲ ಎಂಬುದು ಕ್ರೀಡೆಯವರಿಗೆ ಬಹಳ ಹಿಂದೆಯೇ ತಿಳಿದ ಸಂಗತಿ. ಈಜುಕೊಳದ ಡೈವಿಂಗ್ ಸ್ಪರ್ಧೆಯಲ್ಲಿ ಏಳು ತೀರ್ಪುಗಾರರಿದ್ದರೆ ಅತಿ ಹೆಚ್ಚಿನ ಎರಡು, ಅತಿ ಕಡಿಮೆಯ ಎರಡು ಅಂಕಗಳನ್ನು ತೆಗೆದುಹಾಕಿ ನಡುವಿನ ಮೂರನ್ನಷ್ಟೇ ಎಣಿಸುತ್ತಾರೆ.

ಅರ್ಜಿಗಳು ಸಾವಿರಗಟ್ಟಲೆ ಬಂದಾಗ ಇನ್ನೊಂದು ತೊಂದರೆ. ಎಲ್ಲ ಅರ್ಜಿಯನ್ನೂ ಎಲ್ಲರೂ ಓದಲಾಗದು, ಹಂಚಿಕೊಳ್ಳಬೇಕು. ಕೈ ಸಡಿಲವಿದ್ದ ತಂಡದ 8, ಕೈ ಬಿಗಿಯಿದ್ದ ತಂಡದ 6ಕ್ಕೆ ಸಮವಾಗಿರಬಹುದು. ಪ್ರಾಕ್ಟಿಕಲ್ ಪರೀಕ್ಷೆಗೆ ಈ ಸಲ ಯಾವ ಕಾಲೇಜಿನ ಎಕ್ಸ್‌ಟರ್ನಲ್ ಬರುತ್ತಾರೋ ಎಂದು ಪಿ.ಯು. ಮಕ್ಕಳು ಹೆದರುವುದೂ ಇದಕ್ಕೇ ಅಲ್ಲವೇ!

ಜೆ.ಪಿ. ನಗರದ ದೀಪ

ಅಂಕದ ವಿಚಾರ ಇಷ್ಟು. ಆದರೆ ಕಾಗದದ ಮೇಲಿನ ಅಂಕಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಯಾರಾದರೂ ಹೋಗಿ ನೋಡಿದರೇ?

ಜೆ.ಪಿ. ನಗರದಲ್ಲಿ ಸೆಲ್ಕೋ ಎಂಬ ಸೌರವಿದ್ಯುತ್ ಸಂಸ್ಥೆಯ ಕಚೇರಿ ಇದೆ. ಕುಂದಾಪುರ ಕಡೆಯ ಮೂಲದ, ರೂರ್ಕೆಲಾದಲ್ಲಿ ಬೆಳೆದು ಖರಗ್‌ಪುರದ ಐ.ಐ.ಟಿ.ಯಲ್ಲೂ ಅಮೆರಿಕದಲ್ಲೂ ಓದಿದ ಹರೀಶ್ ಹಂದೆ 1995ರಲ್ಲಿ ನೆವಿಲ್ ವಿಲಿಯಮ್ಸ್ ಅವರೊಂದಿಗೆ ಕಟ್ಟಿದ ಸಂಸ್ಥೆ. ಬಡವರಿಗೆ ಸೋಲಾರ್ ಕೊಳ್ಳಲಾಗದು, ಕೊಂಡರೂ ನೋಡಿಕೊಳ್ಳಲಾಗದು ಎಂಬ ಮಾತು ಸುಳ್ಳೆಂದು ತೋರಿಸಲು ಹೊರಟವರು ಇವರು. ದೀಪವನ್ನು ಮಾರುವುದರ ಜೊತೆಗೆ ಗ್ರಾಮೀಣ ಬ್ಯಾಂಕುಗಳ ಮೆಟ್ಟಿಲು ಹತ್ತಿಳಿದು ಸಾಲದ ವ್ಯವಸ್ಥೆ ಮಾಡಿಸಿದರು. ರೈತನಿಗೆ ಸುಗ್ಗಿಯಲ್ಲಿ ಕಂತು, ಬೀದಿ ವ್ಯಾಪಾರಿಗೆ ದಿನದ ಲೆಕ್ಕದಲ್ಲಿ ಕಂತು, ಹೀಗೆ ಗಳಿಕೆಗೆ ತಕ್ಕ ಮರುಪಾವತಿ ಅವರ ಯೋಚನೆ.

ಈ ಸಂಸ್ಥೆಗೆ 2005ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. 2001ರಲ್ಲಿ ಆರಂಭವಾದ ಇದು ಪರಿಸರಕ್ಕೆ ಹಿತವಾದ ಇಂಧನದ ಕೆಲಸಕ್ಕೆ ಮೀಸಲು. ಅದರ ತೀರ್ಪಿನ ಕ್ರಮ ನನಗೆ ಬಹಳ ಇಷ್ಟವಾದದ್ದು. ಮೊದಲು ಅರ್ಜಿ. ಅದನ್ನು ಆ ವಿಷಯ ಬಲ್ಲವರು ಜರಡಿ ಹಿಡಿಯುತ್ತಾರೆ. ಉಳಿದ ಕೆಲವರ ಕೆಲಸವನ್ನು ನೋಡಲು ಆ ವರ್ಷಗಳಲ್ಲಿ ಅವರ ಕಡೆಯವರು ಸ್ಥಳಕ್ಕೇ ಬರುತ್ತಿದ್ದರು. ಆಮೇಲಷ್ಟೇ ತೀರ್ಪುಗಾರರ ಮುಂದೆ ಸಂದರ್ಶನ. ಕಚೇರಿಯಲ್ಲಿ ಕುಳಿತವರಿಗೆ ‘ಇಷ್ಟು ಸಾವಿರ ಮನೆಗೆ ದೀಪ ಹಾಕಿದ್ದೇವೆ’ ಎಂಬ ಸಾಲು ಸಾಕು. ಊರಿಗೆ ಬಂದವರಿಗೆ ಬೇರೆ ಪ್ರಶ್ನೆಗಳು ಏಳುತ್ತವೆ. ದೀಪ ಈಗಲೂ ಉರಿಯುತ್ತಿದೆಯೇ? ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವವರು ಯಾರು? ಕೆಟ್ಟರೆ ಎಷ್ಟು ದಿನಕ್ಕೆ ಬಂದು ಸರಿಮಾಡುತ್ತಾರೆ? ಇವಕ್ಕೆ ಉತ್ತರ ಅರ್ಜಿಯಲ್ಲಿ ಸಿಗದು, ಅಡುಗೆಮನೆಯಲ್ಲಿ ಸಿಗುತ್ತದೆ.

2007ರಲ್ಲಿ ಸೆಲ್ಕೋಗೆ ಇದೇ ಸಂಸ್ಥೆಯಿಂದ ಇನ್ನೂ ದೊಡ್ಡ ಗೌರವ ಬಂತು. ಅದೇ ವರ್ಷ ಕೋಲಾರದ ಎಸ್.ಕೆ.ಜಿ. ಸಂಘಕ್ಕೂ ಆಶ್ಡೆನ್ ಬಂದದ್ದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಸಗಣಿ ಅನಿಲ ಸ್ಥಾವರದ ಬಗ್ಗಡವನ್ನು ಎರೆಹುಳು ಗೊಬ್ಬರವಾಗಿಸಿ ಹಳ್ಳಿಯ ಹೆಂಗಸರ ಕೈಗೆ ಒಂದಿಷ್ಟು ಕಾಸು ಬರುವಂತೆ ಮಾಡಿದ ಕೆಲಸಕ್ಕೆ. 2008ರಲ್ಲಿ ಸಣ್ಣ ಉದ್ಯಮಗಳ ಒಲೆ ಸುಧಾರಿಸಿದ ಬೆಂಗಳೂರಿನ ಟೈಡ್ ಸಂಸ್ಥೆಗೆ, 2012ರಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಗೆ. ಒಂದು ರಾಜ್ಯಕ್ಕೆ ಇಷ್ಟು ಸಲ!

ಹಾಗೆಂದು ಪ್ರಶಸ್ತಿ ಬಂದ ಕಂಪನಿಗೆ ಕಷ್ಟವೇ ಇಲ್ಲವೆಂದಲ್ಲ. ಸುಮಾರು ಅದೇ ಹೊತ್ತಿನಲ್ಲಿ ಜರ್ಮನಿಯಲ್ಲಿ ಸೌರಫಲಕಗಳಿಗೆ ಬೇಡಿಕೆ ಏರಿ ಬೆಲೆ ಗಗನಕ್ಕೆ ಹೋದಾಗ ಸೆಲ್ಕೋ ನಷ್ಟಕ್ಕೆ ಸಿಕ್ಕಿ ಕಂಪನಿಯನ್ನು ಮತ್ತೆ ಜೋಡಿಸಿಕೊಳ್ಳಬೇಕಾಯಿತು. ಪ್ರಶಸ್ತಿ ಅಳೆದದ್ದು ಅದುವರೆಗಿನ ಕೆಲಸವನ್ನು, ಮುಂದಿನ ವರ್ಷದ ಲಾಭವನ್ನಲ್ಲ.

2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದು ವ್ಯಾಪಾರದ ಪ್ರಶಸ್ತಿಯಲ್ಲ, ಆದರೆ ಹೋಲಿಸಲು ಒಳ್ಳೆಯದು. ಅದಕ್ಕೆ ನಾವೇ ಅರ್ಜಿ ಹಾಕುವ ಹಾಗಿಲ್ಲ. ಹೆಸರು ಸೂಚಿಸುವವರನ್ನು ಗುಟ್ಟಾಗಿಡುತ್ತಾರೆ, ಸದ್ದಿಲ್ಲದೆ ವಿಚಾರಣೆ ನಡೆಯುತ್ತದೆ.

ರ್‍ಯಾಂಕೋ, ಪಾಸೋ?

ಹೊಸೂರು ರಸ್ತೆಯಲ್ಲೇ ಮುಂದೆ ಸಾಗಿ ಗಡಿ ದಾಟಿದರೆ ಟಿ.ವಿ.ಎಸ್. ಮೋಟಾರ್ ಕಾರ್ಖಾನೆ. 2002ರಲ್ಲಿ ಅದಕ್ಕೆ ಜಪಾನಿನ ಡೆಮಿಂಗ್ ಪ್ರಶಸ್ತಿ ಬಂತು. ಅದೇ ಬಳಗದ ಚೆನ್ನೈನ ಸುಂದರಂ ಕ್ಲೇಟನ್‌ಗೆ 1998ರಲ್ಲಿ ಬಂದಿತ್ತು, ಭಾರತಕ್ಕೆ ಅದೇ ಮೊದಲು. 1951ರಲ್ಲಿ ಸ್ಥಾಪನೆಯಾದ ಈ ಪ್ರಶಸ್ತಿಯಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಬೇಕೆಂಬ ನಿಯಮವೇ ಇಲ್ಲ. ನೂರಕ್ಕೆ 70 ದಾಟಿದವರೆಲ್ಲ ಉತ್ತೀರ್ಣ. ಯಾರೂ ದಾಟದಿದ್ದರೆ ಯಾರಿಗೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇ.ವೈ.ಯದು ರ್‍ಯಾಂಕ್, ಡೆಮಿಂಗ್‌ನದು ಕ್ಲಾಸ್. ಕಂಪನಿ ತನ್ನ ಗುಣಮಟ್ಟದ ಕ್ರಮವನ್ನೆಲ್ಲ ಬರೆದು ಒಪ್ಪಿಸಬೇಕು. ಅದು ಪಾಸಾದರೆ ಪರೀಕ್ಷಕರು, ಬಹುಪಾಲು ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು, ಕಾರ್ಖಾನೆಗೇ ಬಂದು ಸಿಕ್ಕಸಿಕ್ಕವರನ್ನು ಪ್ರಶ್ನಿಸುತ್ತಾರೆ. ಈ ತಪಾಸಣೆಯ ಖರ್ಚು ಕಂಪನಿಯದೇ.

ಅಂದರೆ ಹಣ ಕಟ್ಟಿದ ಮಾತ್ರಕ್ಕೆ ಪ್ರಶಸ್ತಿ ಕೀಳೆನ್ನುವಂತಿಲ್ಲ. ಪರೀಕ್ಷಾ ಶುಲ್ಕ ನಾವೂ ಕಟ್ಟುತ್ತೇವೆ. ಆ ಹಣಕ್ಕೆ ಏನು ನಡೆಯುತ್ತದೆ ಎಂಬುದು ಪ್ರಶ್ನೆ. 2002ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸ್ಟೀವಿ ಪ್ರಶಸ್ತಿಗಳಲ್ಲಿ ‘ಅಂತರರಾಷ್ಟ್ರೀಯ ವ್ಯಾಪಾರ ಪ್ರಶಸ್ತಿ’ ಎಂಬ ಹೆಸರಿನದೇ ಒಂದಿದೆ. ಪ್ರವೇಶ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು. ಬೇರೆ ಬೇರೆ ದೇಶಗಳ ವೃತ್ತಿನಿರತರು ಅರ್ಜಿಗಳನ್ನು ಓದಿ ಅಂಕ ಕೊಡುತ್ತಾರೆ. ಅಂಕಗಳ ಸರಾಸರಿ ನೋಡಿ ಚಿನ್ನ, ಬೆಳ್ಳಿ, ಕಂಚು. ವಿಭಾಗಗಳು ಹತ್ತಾರು, ಬೆಳ್ಳಿ, ಕಂಚು ಹಲವರಿಗೆ ಸಿಗುತ್ತವೆ. ನಿಯಮವನ್ನು ಅವರು ಮುಚ್ಚಿಟ್ಟಿಲ್ಲ. ಆದರೆ ತೀರ್ಪುಗಾರರು ಓದುವುದು ಅರ್ಜಿಯನ್ನು, ಕಾರ್ಖಾನೆಯನ್ನಲ್ಲ. ಅದರ ಕಂಚನ್ನೂ ಡೆಮಿಂಗ್‌ನ ಪದಕವನ್ನೂ ಒಂದೇ ಗಾಜಿನ ಬೀರುವಿನಲ್ಲಿ ಒಂದೇ ಸಾಲಿನಲ್ಲಿಟ್ಟರೆ ನೋಡುವವರಿಗೆ ವ್ಯತ್ಯಾಸ ತಿಳಿಯದು.

ಶೂನ್ಯ ದೋಷ

ಎಷ್ಟೇ ದೊಡ್ಡವರು ಕೂತು ತೀರ್ಪು ಕೊಟ್ಟರೂ ಒಂದು ಅಪಾಯ ಉಳಿದೇ ಇರುತ್ತದೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ಅವರಿಗೆ ಇ.ವೈ.ಯ ಭಾರತದ ‘ವರ್ಷದ ಉದ್ಯಮಿ’ ಪ್ರಶಸ್ತಿ ಬಂದದ್ದು 2007ರಲ್ಲಿ. ಉತ್ತಮ ಆಡಳಿತಕ್ಕಾಗಿ ಕೊಡುವ ಗೋಲ್ಡನ್ ಪೀಕಾಕ್ ಜಾಗತಿಕ ಪ್ರಶಸ್ತಿ 2008ರಲ್ಲಿ ಅವರ ಕಂಪನಿಗೆ ಬಂತು. 2009ರ ಜನವರಿ 7ರಂದು ಅವರೇ ಪತ್ರ ಬರೆದು ಒಪ್ಪಿಕೊಂಡರು: ಲೆಕ್ಕಪತ್ರದಲ್ಲಿ ಬ್ಯಾಂಕಿನಲ್ಲಿದೆ ಎಂದು ತೋರಿಸಿದ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ. ಗೋಲ್ಡನ್ ಪೀಕಾಕ್ ಅನ್ನು ಆಮೇಲೆ ಹಿಂದಕ್ಕೆ ಪಡೆಯಲಾಯಿತು.

ತೀರ್ಪುಗಾರರು ಮೋಸ ಮಾಡಿದರೇ? ಹಾಗೆನ್ನಲು ಕಾರಣವಿಲ್ಲ. ಅವರ ಮುಂದಿದ್ದ ಲೆಕ್ಕವೇ ಸುಳ್ಳು. ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟ ಕೂಡಲೇ ಮೊದಲು ಶೂನ್ಯ ದೋಷ ನೋಡಿಕೊಳ್ಳಿ ಎನ್ನುವುದು ಇದಕ್ಕೇ. ಎರಡು ದವಡೆ ಕೂಡಿದಾಗಲೇ ಸೊನ್ನೆ ಪಕ್ಕಕ್ಕೆ ಸರಿದಿದ್ದರೆ ಹತ್ತು ಸಲ ಅಳೆದು ಸರಾಸರಿ ತೆಗೆದರೂ ಉತ್ತರ ತಪ್ಪೇ. ಕಣ್ಣು, ಕೈ ತಪ್ಪಿದ್ದನ್ನು ಸರಾಸರಿ ತೊಳೆಯುತ್ತದೆ. ಉಪಕರಣವೇ ತಪ್ಪಿದ್ದರೆ ತೊಳೆಯುವುದಿಲ್ಲ. ಹತ್ತು ತೀರ್ಪುಗಾರರ ಬದಲು ನೂರು ಜನರನ್ನು ಕೂರಿಸಿದ್ದರೂ ಸತ್ಯಂ ಗೆಲ್ಲುತ್ತಿತ್ತೋ ಏನೋ. ಬ್ಯಾಂಕಿಗೆ ಒಬ್ಬರು ಹೋಗಿ ನೇರವಾಗಿ ಕೇಳಿದ್ದರೆ ಸಾಕಿತ್ತು.

ಆದ್ದರಿಂದ ಶಾಲೆಯ ಕೌಂಟರಿನಲ್ಲಿ, ಕೆಲಸದ ಸಂದರ್ಶನದಲ್ಲಿ ಪ್ರಶಸ್ತಿಯ ಮಾತು ಬಂದರೆ ವಿನಯದಿಂದಲೇ ಕೇಳಿ: ಯಾವ ವರ್ಷದ್ದು, ನೀವೇ ಅರ್ಜಿ ಹಾಕಿದ್ದೋ ಬೇರೆಯವರು ಸೂಚಿಸಿದ್ದೋ, ನಿಮ್ಮ ತರಗತಿಗೆ ಬಂದು ನೋಡಿದವರು ಯಾರು? ನಿಜವಾದ ಪ್ರಶಸ್ತಿ ಪಡೆದವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಕೂರಿಸಿಕೊಂಡು ಕತೆ ಹೇಳುತ್ತಾರೆ. ಕೇಳುವ ಕೆಲಸವನ್ನು ಮಕ್ಕಳಿಗೇ ಬಿಡುವುದು ಇನ್ನೂ ಒಳ್ಳೆಯದು.

ಸಾರಕ್ಕಿ ಕಡೆ ಸಣ್ಣ ಲೇತ್ ಕಾರ್ಖಾನೆ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೋದ ವರ್ಷ ವಿದೇಶದಿಂದ ಒಂದು ಪತ್ರ ಬಂತು. ‘ನಿಮ್ಮ ಸಂಸ್ಥೆ ಜಾಗತಿಕ ಶ್ರೇಷ್ಠತಾ ಪ್ರಶಸ್ತಿಗೆ ಆಯ್ಕೆಯಾಗಿದೆ’. ಅವನು ಅರ್ಜಿ ಹಾಕಿರಲಿಲ್ಲ, ಯಾರೂ ಅವನ ಲೆಕ್ಕಪತ್ರ ಕೇಳಿರಲಿಲ್ಲ, ಅವನಲ್ಲಿ ಕೆಲಸ ಮಾಡುವವರು ಒಟ್ಟು ಒಂಬತ್ತು ಜನ. ಸಮಾರಂಭದ ಊಟ, ಟ್ರೋಫಿ, ಫೋಟೊ ಎಲ್ಲ ಸೇರಿ ಸುಮಾರು ಒಂದೂವರೆ ಲಕ್ಷ ರೂಪಾಯಿ ಕಳಿಸಬೇಕಿತ್ತು. ‘ಸಾರ್, ಮನೆಯವಳು ಹೂಂ ಅಂತಿದಾಳೆ, ಬೋರ್ಡ್ ಮೇಲೆ ಹಾಕ್ಕೋಬೋದು, ಏನ್ ಮಾಡ್ಲಿ?’ ಎಂದು ಫೋನ್ ಮಾಡಿದ. ತೀರ್ಪುಗಾರರ ಹೆಸರು, ಅವರು ಅಂಕ ಕೊಟ್ಟ ಮಾನದಂಡ, ಈ ಎರಡನ್ನು ಮಾತ್ರ ಬರೆದು ಕೇಳಪ್ಪ ಎಂದೆ. ಬರೆದ. ಎರಡು ವಾರದ ನಂತರ ಉತ್ತರ ಬಂತು. ಹಣ ಕಟ್ಟುವ ಕೊನೆಯ ದಿನಾಂಕವನ್ನು ಅವನಿಗಾಗಿ ಮುಂದಕ್ಕೆ ಹಾಕಿದ್ದರು, ಹೆಸರುಗಳಿರಲಿಲ್ಲ. ಅವನು ಆ ಹಣದಲ್ಲಿ ಒಂದಿಷ್ಟನ್ನು ತೆಗೆದು, ತನ್ನ ಮೈಕ್ರೊಮೀಟರುಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳಲು ಒಂದು ಪೆಟ್ಟಿಗೆ ಸ್ಲಿಪ್ ಗೇಜ್ ಕೊಂಡ.